ಚಿಕ್ಕಮಲ್ಲಮ್ಮ ಹೊತ್ತ ಮಣ್ಣು

ಉಡಿಗಾಲದ ಗುರುಸಿದ್ದಯ್ಯನ ಕೈಹಿಡಿದು ಚಿಕ್ಕಮಲ್ಲಮ್ಮ ಬಂದಾಗ ಆ ಮನೆಗೆ ಇದ್ದದ್ದು ಇಳಿಜಾರಿನ ಒಂದೇ ಒಂದು ಹೊಲ. ನೇಗಿಲು ಊರಿದರೆ ಕಲ್ಲು ಕಿರುಗುಟ್ಟುತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದ್ದೇ ತಡ, ಅವಳು ಮಂಕರಿ ತುಂಬ ಗೋಡು ಹೊತ್ತು ತಂದು ಅಲ್ಲಿ ಸುರಿಯತೊಡಗಿದಳು. ಕೆರೆಯ ತಳದ ಆ ಕಪ್ಪು ಮಣ್ಣಿಗೆ ಕೊಟ್ಟಿಗೆಯ ಗೊಬ್ಬರ ಸೇರಿಸಿದಳು, ಕುರಿಮಂದೆ ನಿಲ್ಲಿಸಿದಳು. ಬಸುರಿಯಾಗಿದ್ದಾಗಲೂ ಹೊತ್ತಳು, ಬಾಣಂತನ ಮುಗಿಸಿ ಬಂದೂ ಹೊತ್ತಳು. ಅವಳ ನೆತ್ತಿಯ ಕೂದಲು ಉದುರುತ್ತಾ ಬಂತು, ಹೊಲದ ಮೈ ಕಪ್ಪಾಗುತ್ತಾ ಬಂತು. ಜೋಳ ಆಳೆತ್ತರ ನಿಂತಾಗ ಗುರುಸಿದ್ದಯ್ಯ ಅದನ್ನು ತನ್ನ ಹೊಲ ಅನ್ನುವುದನ್ನೇ ಬಿಟ್ಟು, ಯಾರು ಕೇಳಿದರೂ ಅವಳ ಹೊಲ ಅನ್ನುತ್ತಿದ್ದ.

ತೊಂಬತ್ತೆರಡರಲ್ಲಿ ಬೋರ್‌ವೆಲ್‌ಗೆ ನೀರು ಬಿತ್ತು. ಸುತ್ತಲಿನವರೆಲ್ಲ ಅರಿಶಿನ ಹಾಕುತ್ತಿದ್ದ ಕಾಲ. ನೀರು ಹಾಯಬೇಕಾದರೆ ನೆಲ ಮಟ್ಟವಾಗಿರಬೇಕು. ತೆರಕಣಾಂಬಿ ಕಡೆ ಕೆಲಸ ಮುಗಿಸಿದ್ದ ಡೋಜರ್ ಒಂದು ದಿನದ ಮಟ್ಟಿಗೆ ಇವರಿಗೆ ಸಿಕ್ಕಿತು. ಆ ದಿನ ಸೋಮವಾರ.

ಸೋಮವಾರ ಬಸವನ ದಿನ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಭೂಮಿಗೆ ನೇಗಿಲ ಗುಳ ತಾಕಿಸುವುದಿಲ್ಲ. ಆದರೆ ಡೋಜರಿಗೆ ಹೆಗಲೆಲ್ಲಿ, ನೊಗವೆಲ್ಲಿ? ಅದು ತನ್ನ ಪಾಡಿಗೆ ಕೆಲಸ ಮಾಡಿಕೊಳ್ಳಲಿ, ಮನೆಯವರು ಮಾತ್ರ ಹೊಲ ತುಳಿಯಬಾರದು ಎಂದು ಚಿಕ್ಕಮಲ್ಲಮ್ಮ ತೀರ್ಪು ಕೊಟ್ಟಳು. ಶಾಸ್ತ್ರ ಓದಿದ ಪಂಡಿತರೂ ಇಷ್ಟು ಸಲೀಸಾಗಿ ಬಿಡಿಸಲಾರರು. ಗುರುಸಿದ್ದಯ್ಯನಿಗೆ ಮಾತ್ರ ಸಮಾಧಾನವಿಲ್ಲ. ಮೇಲಿನ ಕರಿಮಣ್ಣನ್ನು ಮೊದಲು ಕೆರೆದು ಬೇರೆ ಗುಡ್ಡೆ ಹಾಕಿಸಬೇಕು, ನೆಲ ಮಟ್ಟವಾದ ಮೇಲೆ ಮತ್ತೆ ಹರಡಿಸಬೇಕು, ಕುದೇರಿನಲ್ಲಿ ಹಾಗೇ ಮಾಡಿಸಿದ್ದನ್ನು ತಾನು ಕಂಡಿದ್ದೇನೆ ಎಂದ. ಡ್ರೈವರಿಗೆ ಹಿಂದಿನ ದಿನ ಹೇಳಿದ್ದು ನೆಲ ಮಟ್ಟ ಮಾಡು ಅಂತ ಅಷ್ಟೇ. ಇದನ್ನು ಹೇಳಿ ಬರಲೆಂದು ಗುರುಸಿದ್ದಯ್ಯ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಸೋಮ್ವಾರದ ದಿನ ಹೊಲದ ಕೆಲ್ಸಕ್ಕೆ ಕಾಲಿಡಬ್ಯಾಡಿ. ನಮ್ಗೆ ಅನ್ನ ಆಕಿರ ಮಣ್ಣು ಅದು."

ಅವನು ಹೆಗಲ ಮೇಲಿನ ಟವಲನ್ನು ತೆಗೆದು ಗೂಟಕ್ಕೆ ಹಾಕಿ ಕುಳಿತುಕೊಂಡ.

ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದರೆ ಹೊಲ ಮಣೆಯಷ್ಟು ಮಟ್ಟವಾಗಿತ್ತು, ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ತಳದಲ್ಲಿದ್ದ ಸುಣ್ಣಕಲ್ಲಿನ ಮಣ್ಣೆಲ್ಲ ಮೇಲೆ ಬಂದಿತ್ತು. ಅದೇ ವಾರ ಬಿದ್ದ ಮಳೆಗೆ ಕೆಳಗಿನ ಬದು ಒಡೆದು ಹಳ್ಳ ಕಪ್ಪಗೆ ಹರಿಯಿತು. ಇದ್ದ ಬದ್ದ ಗೋಡುಮಣ್ಣೆಲ್ಲ ಕೊಚ್ಚಿಕೊಂಡು ಹೋಯಿತೆಂದು ಊರೇ ಹೇಳಿತು, ಅವಳೂ ನಂಬಿದಳು.

ಅರಿಶಿನ ಮೊಣಕಾಲುದ್ದ ಬರುವ ಮೊದಲೇ ಹಳದಿ ತಿರುಗಿತು. ಮರುವರ್ಷ ಜೋಳದ ಕತೆಯೂ ಅದೇ ಆಯಿತು. ಕೃಷಿ ಇಲಾಖೆಯ ಗುರುಪಾದಸ್ವಾಮಿ ಬಂದು, ಅಂಗೈಯಲ್ಲಿ ಮಣ್ಣು ಪುಡಿ ಮಾಡಿ ನೋಡಿ, ಬದುವಿನ ಮೇಲೆ ಕುಳಿತು ಬಿಡಿಸಿ ಹೇಳಿದರು. ಬಂಡೆ ಬಿಸಿಲಿಗೆ ಕಾದು, ಮಳೆಗೆ ನೆನೆದು ಬಿರುಕು ಬಿಡಬೇಕು. ಬಿರುಕಿನಲ್ಲಿ ಪಾಚಿ ಹಿಡಿಯಬೇಕು, ಹುಲ್ಲು ಬೇರಿಳಿಯಬೇಕು. ಸತ್ತ ಹುಲ್ಲು, ಉದುರಿದ ಎಲೆ ಎಲ್ಲವೂ ಕೊಳೆತು, ಎರೆಹುಳು ಅದನ್ನು ತಿಂದು ಕಕ್ಕಿದ ಮೇಲೆ ಅದು ಮಣ್ಣು. ನೀರನ್ನು ಹಿಡಿದಿಡುವುದೂ ಬೇರಿಗೆ ಉಣಿಸುವುದೂ ಆ ಮೇಲಿನ ಒಂದು ಪದರವೇ, ಕೆಳಗಿರುವುದು ಬರೀ ಪುಡಿಗಲ್ಲು ಎಂದರು.

"ಅದು ತಿರ್ಗಾ ಬರಕ್ಕೆ ಎಸ್ಟ್ ಕಾಲ ಬೇಕು ಸ್ವಾಮಿ?" ಎಂದು ಅವಳು ಕೇಳಿದಳು.

"ಒಂದು ಬೆರಳು ದಪ್ಪಕ್ಕೆ ನೂರಾರು ವರ್ಷ ಬೇಕು ಕಣಮ್ಮ," ಎಂದು ಅವರು ಮುಖ ಕೆಳಗೆ ಮಾಡಿದರು.

ಅಷ್ಟು ಹಳೆಯದನ್ನು ಒಂದು ಹಗಲಲ್ಲಿ ಹಾಳು ಮಾಡಿದೆನಲ್ಲ ಎಂದು ಅವಳು ಮತ್ತೆ ಮಂಕರಿ ಹಿಡಿದಳು. ಆದರೆ ಕೆರೆಯ ಗೋಡನ್ನು ಈಗ ಟ್ರ್ಯಾಕ್ಟರುಗಳು ಇಟ್ಟಿಗೆ ಗೂಡಿಗೆ ಬಾಚಿಕೊಂಡು ಹೋಗುತ್ತಿದ್ದವು. ಅವಳಿಗೆ ಸಿಕ್ಕಿದ್ದು ಅಂಚಿನಲ್ಲಿ ಕೆರೆದು ತೆಗೆದಷ್ಟೇ. ಗುರುಸಿದ್ದಯ್ಯ ಒಂದು ದಿನಕ್ಕೂ ನಿನ್ನಿಂದ ಹೀಗಾಯಿತು ಅನ್ನಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಅವನು ಸುಮ್ಮನೆ ಅವಳ ಹಿಂದೆಯೇ ಗುದ್ದಲಿ ಹಿಡಿದು ಬರುತ್ತಿದ್ದ, ವಯಸ್ಸಾದ ಮೇಲೂ ಮಂಕರಿ ಎತ್ತಿ ತಲೆಗಿಡುತ್ತಿದ್ದ. ಅದನ್ನು ಸಹಿಸುವುದು ಅವಳಿಗೆ ಕಷ್ಟವಾಗಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಗುರುಸಿದ್ದಯ್ಯ ಎದೆನೋವೆಂದು ಮಲಗಿದವನು ಏಳಲಿಲ್ಲ. ಅವರಲ್ಲಿ ಸುಡುವ ಪದ್ಧತಿಯಿಲ್ಲ, ಹೊಲದಲ್ಲೇ ಸಮಾಧಿ. ಮಗ ಮಲ್ಲಿಕಾರ್ಜುನಸ್ವಾಮಿ ಹೊಲದ ಕೆಳಗಿನ ಮೂಲೆ ತೋರಿಸಿದ. ಗುಂಡಿ ತೋಡುತ್ತಿದ್ದ ಮೂಗಯ್ಯ ಎದೆಮಟ್ಟ ಇಳಿದ ಮೇಲೆ ಗುದ್ದಲಿ ನಿಲ್ಲಿಸಿದ. ಅವನು ಮೇಲಕ್ಕೆಸೆದ ಮಣ್ಣು ಕಪ್ಪಗಿತ್ತು.

ಹೆಂಗಸರ ನಡುವೆ ಕುಳಿತಿದ್ದ ಚಿಕ್ಕಮಲ್ಲಮ್ಮ ಎದ್ದು ಬಂದು ಒಂದು ಹಿಡಿ ತೆಗೆದು ಮೂಸಿದಳು. ಅವಳದೇ ಗೋಡು. ಹಳ್ಳಕ್ಕೆ ಹೋದದ್ದು ಕೊಂಚ, ಡೋಜರ್ ಮೊದಲು ಈ ತಗ್ಗಿನ ಮೂಲೆಗೆ ತಳ್ಳಿದ್ದರ ಮೇಲೆ ಬಿಳಿಮಣ್ಣು ಬಿದ್ದು ಉಳಿದದ್ದೆಲ್ಲ ಇಲ್ಲೇ ಅಡಗಿತ್ತು. ಗಂಡನ ಗುಂಡಿಯ ಬಾಯಲ್ಲಿ ನಿಂತ ಅವಳಿಗೆ ಸಂತೋಷವಾಯಿತು. ಆ ಸಂತೋಷಕ್ಕೆ ಅವಳೇ ಹೆದರಿದಳು.

"ಕರಿಮಣ್ಣ ಅತ್ಲಾಗೆ ಆಕು ಮೂಗಯ್ಯ. ಗುಂಡಿ ಮುಚ್ಚಕ್ಕೆ ಬಿಳೀದೇ ಸಾಕು."

ಮಗ ತಲೆ ತಗ್ಗಿಸಿದ. ಗಂಡ ಸತ್ತ ದಿನವೂ ಇವಳಿಗೆ ಹೊಲದ್ದೇ ಚಿಂತೆ ಎಂದು ಯಾರೋ ಗೊಣಗಿದರು. ವಿಭೂತಿ, ಬಿಲ್ವಪತ್ರೆ ಹಾಕಿ ಹೆಣವನ್ನು ಕೂರಿಸಿದ ಮೇಲೆ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಅವಳ ಸರದಿ ಬಂದಾಗ ಬಲಗೈಯಲ್ಲಿ ಆ ಕರಿಮಣ್ಣು ಇನ್ನೂ ಇತ್ತು. ಕೈ ಮುಂದೆ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. ಬಗ್ಗಿ, ಎಡಗೈಯಲ್ಲಿ ಬಿಳಿಮಣ್ಣು ಬಾಚಿ ಗಂಡನ ಮೇಲೆ ಹಾಕಿದಳು.

ಆಮೇಲೆ ಅವಳು ನೆಲಕ್ಕೆ ಬಿದ್ದು ಗೋಳಾಡಿದಳು. ಹೆಂಗಸರು ಹಿಡಿದುಕೊಂಡು, ಹೋದವರು ಬರುವುದಿಲ್ಲ ಎಂದು ಸಮಾಧಾನ ಹೇಳಿದರು. ಅವಳು ಅಳುತ್ತಿದ್ದದ್ದು, ಗಂಡನಿಗೆ ಆ ಕರಿಮಣ್ಣಿನ ಒಂದು ಹಿಡಿಯನ್ನೂ ಬಿಟ್ಟುಕೊಡಲಾಗಲಿಲ್ಲವಲ್ಲ ಎಂದು.