ಮುಚ್ಚಳದೊಳಗಿನ ನಂಬರು

ನಮ್ಮ ಸೋದರಮಾವನಿಗೆ ವಾಚ್ ರಿಪೇರಿಯಲ್ಲಿ ಮೂವತ್ತು ವರ್ಷದ ಅನುಭವ, ಅನುಮಾನದಲ್ಲಿ ಅದಕ್ಕಿಂತ ಹೆಚ್ಚು. ವಾಚು ಬಿಚ್ಚಿದಾಗಲೆಲ್ಲ ಮುಚ್ಚಳದ ಒಳಗೆ ಸೂಜಿಯಿಂದ ಒಂದು ನಂಬರು ಗೀಚುತ್ತಾರೆ. ಅದೇ ನಂಬರನ್ನು ಒಳಗಿನ ಮಷಿನ್ನಿನ ಅಂಚಿಗೂ ಗೀಚುತ್ತಾರೆ. ಮುಚ್ಚಳಕ್ಕೆ ಗೀಚುವ ರಿಪೇರಿಯವರು ಬೇಕಾದಷ್ಟಿದ್ದಾರೆ, ಎರಡು ಕಡೆ ಗೀಚುವವರನ್ನು ನಾನು ಇವರೊಬ್ಬರನ್ನೇ ಕಂಡದ್ದು. "ನಾಳೆ ಯಾರಾದ್ರೂ ನೀನೇ ಮಷಿನ್ ಬದಲಾಯಿಸಿದೆ ಅಂದ್ರೆ ಮುಖಕ್ಕೆ ಹಿಡೀಬೇಕಲ್ಲ" ಎನ್ನುತ್ತಿದ್ದರು.

ಹಾಗೆ ಅನ್ನುವವರು ಒಂದು ದಿನ ಬಂದೇಬಿಟ್ಟರು. ಹಿಂದಿನ ಬೀದಿಯ ನಿವೃತ್ತ ಟೀಚರಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬರೆದರು: "ತೀರಿಹೋದ ನಮ್ಮ ಯಜಮಾನರ ವಾಚು ಇಲ್ಲಿನ ಗಡಿಯಾರದಂಗಡಿಯಲ್ಲಿ ರಿಪೇರಿಯಾಗಿತ್ತು. ಈಗ ಬೇರೆ ಕಡೆ ಬಿಚ್ಚಿಸಿ ನೋಡಿದರೆ ಒಳಗಿನ ಮಷಿನ್ ನಮ್ಮದಲ್ಲ. ಕೊಂಡಾಗಿನ ಚೀಟಿಯಲ್ಲಿರುವ ನಂಬರೇ ಬೇರೆ." ಆ ವಾರ ಅಂಗಡಿಗೆ ಬಂದವರು ಇಬ್ಬರು, ಅದರಲ್ಲೊಬ್ಬ ದಾರಿ ಕೇಳಲು ಬಂದವನು.

ನಾನು ವಕೀಲರೊಬ್ಬರ ಹತ್ತಿರ ಜೂನಿಯರ್. ಮಾವ ನೇರ ನಮ್ಮ ಆಫೀಸಿಗೆ ಬಂದು, ಹಿಂದೆ ಮುಂದೆ ನೋಡಿ ಬಾಗಿಲು ಹಾಕಿ, "ಪುಟ್ಟೀ, ಮಾನನಷ್ಟದ ಕೇಸು ಹಾಕು" ಅಂದರು.

"ಅದಕ್ಕೆ ಮಾತು ಬೇರೆಯವರಿಗೆ ಮುಟ್ಟಿರಬೇಕು ಮಾವ. ನಿಮ್ಮ ಬಗ್ಗೆನೇ ಅಂತ ಅವರಿಗೆ ಗೊತ್ತಾಗಬೇಕು. ನಿಮ್ಮ ಹೆಸರು ಕೆಡಬೇಕು."

"ಮೂರೂ ಆಗಿದೆಯಲ್ಲ!"

"ಆಗಿದೆ. ಆದ್ರೆ ಅವರು ಬರೆದಿದ್ದು ನಿಜ ಅಂತ ಸಾಬೀತಾದ್ರೆ ಕೇಸು ನಿಲ್ಲೋದು ಕಷ್ಟ. ಕಳ್ಳ ಅಂತ ಅವರು ಬರೆದೂ ಇಲ್ಲ."

"ಆಯಮ್ಮ ಪಾಪದವರು. ಅವರಿಗೆ ಕೀ ಕೊಟ್ಟಿರೋದು ಎದುರಿನ ಟೈಲರ್. ನನ್ನ ಅಂಗಡಿ ಮೇಲೆ ಅವನಿಗೆ ಕಣ್ಣು. ಬೆಳಿಗ್ಗೆ ಅವನ ಗಿರಾಕಿಗಳ ಮುಂದೇನೇ ಕೇಳ್ದೆ, ಬಟ್ಟೆ ಕದಿಯೋ ಕಳ್ಳ, ನೀನೇ ಬರೆಸಿದ್ದು ಅಂತ."

ನನಗೆ ಮೈಯೆಲ್ಲ ಉರಿಯಿತು. "ಎಷ್ಟು ಜನ ಇದ್ರು?"

"ನಾಲ್ಕು."

"ಅವನು ಕದ್ದಿದ್ದಕ್ಕೆ ಸಾಕ್ಷಿ?"

ಮಾವ ಫ್ಯಾನು ನೋಡಿದರು.

"ಹಾಗಾದ್ರೆ ಕೇಸು ಹಾಕಬೇಕಾದವನು ಅವನು. ಹಾಕಿಸಿಕೊಳ್ಳಬೇಕಾದವರು ನೀವು."

ಅವರನ್ನು ಎಳೆದುಕೊಂಡೇ ಟೀಚರಮ್ಮನ ಮನೆಗೆ ಹೋದೆ. ಆಕೆ ವಾಚನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತರು, ಕಣ್ಣು ಮಾವನ ಕೈಮೇಲಿಂದ ಕದಲಲಿಲ್ಲ. ಮಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮುಚ್ಚಳ ತೆಗೆದರು. ನೋಡಿದರು. ಕನ್ನಡಿ ಒರೆಸಿ ಮತ್ತೆ ನೋಡಿದರು. ಆಮೇಲೆ ಕನ್ನಡಿ, ವಾಚು ಎರಡನ್ನೂ ನನ್ನ ಕೈಗೆ ಕೊಟ್ಟರು. ಮುಚ್ಚಳದಲ್ಲಿ 412, ಮಷಿನ್ನಿನ ಅಂಚಿನಲ್ಲಿ 413. ಎರಡೂ ಅವರದೇ ಗೀಚು.

ಅಂಗಡಿಯ ಹಳೆಯ ಪುಸ್ತಕ ತೆಗೆದರೆ ಉಳಿದದ್ದೂ ತಿಳಿಯಿತು. ಹನ್ನೊಂದು ವರ್ಷದ ಹಿಂದೆ ಒಂದೇ ದಿನ, ಒಂದೇ ಕಂಪನಿಯ, ಒಂದೇ ಥರದ ಎರಡು ವಾಚುಗಳನ್ನು ಬಿಚ್ಚಿ ತೊಳೆದಿದ್ದರು. ಜೋಡಿಸುವಾಗ ಮಷಿನ್‌ಗಳು ಅದಲುಬದಲಾಗಿದ್ದವು. ಊರಿನವರನ್ನೆಲ್ಲ ಅನುಮಾನಿಸಿದ ಮನುಷ್ಯ ತನ್ನ ಕೈಯನ್ನು ಮಾತ್ರ ಅನುಮಾನಿಸಿರಲಿಲ್ಲ. 413ರ ಎದುರಿಗೆ ಬರೆದಿತ್ತು: ಟೈಲರ್.

"ನೀನೇ ಹೋಗಿ ಅವನ ವಾಚು ಕೇಳು ಪುಟ್ಟೀ" ಅಂದರು ಮಾವ.

"ಬೈದವರು ನೀವು. ಗಿರಾಕಿಗಳ ಮುಂದೆ ಬೈದ್ರಿ, ಗಿರಾಕಿಗಳ ಮುಂದೇನೇ ಹೇಳಿ."

ಮರುದಿನ ಟೈಲರಂಗಡಿ ತುಂಬಿದ್ದ ಹೊತ್ತು ನೋಡಿ ಹೋದೆವು. ಮಾವ ಟೈಲರನ ಮೇಜಿನ ಮುಂದೆ ಹೋಗಿ ನಿಂತರು. "ನಿನ್ನೆ ನಾನಂದಿದ್ದು ಸುಳ್ಳು ಕಣಯ್ಯಾ. ಕೈ ತಪ್ಪಿರೋದು ನಂದೇ. ಟೀಚರಮ್ಮನ ಮಷಿನ್ ನಿನ್ನ ವಾಚಲ್ಲಿದೆ."

ಅವರು ಹಾಗೆ ನಿಂತದ್ದು ನೋಡಿ ನನಗೂ ಸಂಕಟವಾಯಿತು. ಟೈಲರ್ ಹೊಲಿಗೆ ನಿಲ್ಲಿಸಿ, ಕೈಯಿಂದ ವಾಚು ಕಳಚಿ ಕತ್ತರಿಯ ಪಕ್ಕ ಇಟ್ಟ. ಮಾವ ಅದನ್ನೆತ್ತಿಕೊಂಡು ತಮ್ಮ ಅಂಗಡಿಯತ್ತ ತಿರುಗಿದರು.

"ಎಲ್ಲಿಗೆ ತಗೊಂಡು ಹೋಗ್ತೀಯಾ? ಇಲ್ಲೇ ಬಿಚ್ಚು. ನನ್ನ ಕಣ್ಣೆದುರಿಗೆ" ಅಂದ ಟೈಲರ್.

ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಅವರಿಗೆ ಈ ಮಾತು ಹೇಳಿರಲಿಲ್ಲ. ಮಾವ ಗಿರಾಕಿಗಳ ನಡುವೆ ಸ್ಟೂಲಿನ ಮೇಲೆ ಕೂತು, ಮುಚ್ಚಳಕ್ಕೆ ಕೈ ಹಾಕಿದರು.