ಎಡೆಗಿಟ್ಟ ವಿಸ್ಕಿ ಸವರ್

೨೦೦೧ರಲ್ಲಿ ನಾನು ಹುಣಸೂರಿನಲ್ಲಿದ್ದೆ. ಸೇನೆಯ ಮೆಸ್‌ನಲ್ಲಿ ಹವಾಲ್ದಾರನಾಗಿ ಬಾರ್ ನೋಡಿಕೊಂಡು ನಿವೃತ್ತನಾಗಿ ಏಳು ವರ್ಷವಾಗಿತ್ತು. ಸುತ್ತಲಿನ ತೋಟದವರು, ತಂಬಾಕು ಬೆಳೆಗಾರರು ಮನೆಯಲ್ಲಿ ಔತಣವಿಟ್ಟರೆ ಕಾಕ್‌ಟೇಲ್ ಬೆರೆಸಲು ನನ್ನನ್ನು ಕರೆಯುತ್ತಿದ್ದರು. ನಾನು ಕುಡಿಯುವವನಲ್ಲ. ಅಳತೆ ಪರೀಕ್ಷಿಸಲು ನಾಲಗೆಗೆ ಒಂದು ಹನಿ ಮುಟ್ಟಿಸಿ ಉಗುಳುತ್ತಿದ್ದೆ, ಅಷ್ಟೆ.

ಈ ಕೆಲಸ ಜನ ತಿಳಿದಷ್ಟು ಕಷ್ಟದ್ದಲ್ಲ. ಜಿನ್ನಿನ ಗಿಮ್ಲೆಟ್, ರಮ್ಮಿನ ಡೈಕಿರಿ, ವಿಸ್ಕಿ ಸವರ್ ಮೂರೂ ಒಂದೇ ಲೆಕ್ಕ: ಖಾರಕ್ಕೆ ಮದ್ಯ, ಹುಳಿಗೆ ನಿಂಬೆ, ಸಮ ಮಾಡಲು ಸಕ್ಕರೆ ಪಾಕ. ವಿಸ್ಕಿ ಸವರ್‌ಗೆ ಅರವತ್ತು ಎಂಎಲ್ ವಿಸ್ಕಿ, ಮೂವತ್ತು ನಿಂಬೆರಸ, ಇಪ್ಪತ್ತು ಪಾಕ. ಮೇಲೆ ನೊರೆ ಬರಲು ಮೊಟ್ಟೆಯ ಬಿಳಿಭಾಗ. ಕುಲುಕಿ ಬೆರೆಸುವ ಶೇಕರ್ ಇಲ್ಲದ ಮನೆಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿ ಸಾಕು. ನಿಂಬೆಯನ್ನು ಆಗಲೇ ಹಿಂಡಬೇಕು, ಸಿಪ್ಪೆಯ ಕಹಿ ಇಳಿಯುವಷ್ಟು ಹಿಸುಕಬಾರದು.

ಕೆ.ಆರ್.ನಗರದ ಕಡೆ ಹೊಸ ಅಗ್ರಹಾರದಲ್ಲಿ ಸುಬೇದಾರ್ ಕರೀಗೌಡರ ಮನೆಯಿತ್ತು. ಅವರು ನಮ್ಮ ಯೂನಿಟ್‌ನವರೇ. ವಿಸ್ಕಿ ಸವರ್ ಅಳತೆಯನ್ನು ನನ್ನಿಂದಲೇ ಕಲಿತು, ಪಿಂಚಣಿಗೆ ಬಂದ ಮೇಲೆ ಹಿತ್ತಲಿನಲ್ಲಿ ನಿಂಬೆಗಿಡ ನೆಟ್ಟು ದಿನವೂ ಸಂಜೆ ಮಾಡಿಕೊಳ್ಳುತ್ತಿದ್ದರು. ಮೊದಲು ಒಂದು ಗ್ಲಾಸು. ಆಮೇಲೆ ನಿಂಬೆಯೂ ಬೇಡವಾಯಿತು, ಪಾಕವೂ ಬೇಡವಾಯಿತು. ಲಿವರ್ ಕೆಟ್ಟು ತೀರಿಕೊಂಡರು.

ಅದೇ ವರ್ಷದ ಮಾರ್ಲಮಿಗೆ ಅವರ ಹಿರಿಯ ಮಗ ಶಿವಣ್ಣ ನನ್ನನ್ನು ಹುಡುಕಿಕೊಂಡು ಬಂದ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯಂದು ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಅವರು ಇಷ್ಟಪಟ್ಟಿದ್ದನ್ನೆಲ್ಲ ಎಡೆ ಇಡುವುದು ರೂಢಿ. ಮಾಂಸ, ಬೀಡಿ, ಎಲೆಅಡಿಕೆ, ಮದ್ಯ ಯಾವುದಕ್ಕೂ ನಿಷೇಧವಿಲ್ಲ. ಆಮೇಲೆ ಎಡೆಗಿಟ್ಟದ್ದನ್ನು ಮನೆಯ ಗಂಡುಮಕ್ಕಳು ಪ್ರಸಾದವೆಂದು ಹಂಚಿಕೊಳ್ಳಬೇಕು.

"ನಮ್ಮಪ್ಪ ರಾಜನಂಗೆ ಕುಡ್ದ ಕಣ್ರೀ ಹವಾಲ್ದಾರ್ರೇ," ಎಂದ ಶಿವಣ್ಣ. "ಎಡೆಗೆ ಅಂಗ್ಡಿ ಮಾಲು ಅಂಗೇ ಬಗ್ಗುಸ್ಬುಟ್ರೆ ಮಕ ತಿರುಗ್ಸ್ಕೊಂಡು ಓಯ್ತಾನೆ. ನೀವೇ ಬಂದು ಮಾಡ್ಬೇಕು."

ಒಪ್ಪಿದೆ. ಮಧ್ಯಾಹ್ನವೇ ಹೋಗಿ ಅಡುಗೆಮನೆಯಲ್ಲಿ ಸಾಮಾನು ಜೋಡಿಸಿಕೊಂಡೆ. ಸುಬೇದಾರರ ಹೆಂಡತಿ ಜಯಮ್ಮ ಬಾಗಿಲು ಮುಂದೆ ಮಾಡಿ ಹತ್ತಿರ ಬಂದರು.

"ನಮ್ ಮಾದೇಸ ಕುಡ್ಯೋದ್ ಬುಟ್ಟು ಆರು ತಿಂಗ್ಳಾಯ್ತು. ಮೈಸೂರ್ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಅದ್ರ ಮ್ಯಾಲೆ ಒಂದ್ ಗುಟುಕು ಬಿದ್ರೂ ಜೀವಕ್ಕೇ ಅಪಾಯ ಅಂದವ್ರೆ. ಬೆಳಿಗ್ಗೆ ನಾನೇ ನುಂಗ್ಸಿವ್ನಿ."

ಮಾದೇಶ ಅವರ ಕಿರಿಯ ಮಗ. ಆ ಮಾತ್ರೆಯ ಹೆಸರು ಡೈಸಲ್ಫಿರಾಮ್, ಸೇನೆಯಲ್ಲಿ ನೋಡಿದ್ದೆ. ಅದು ಕುಡಿತದ ಆಸೆಯನ್ನು ತೆಗೆಯುವುದಿಲ್ಲ. ಒಳಗೆ ಹೋದ ಮದ್ಯ ಪೂರ್ತಿ ಕರಗದೆ ವಿಷವಾಗಿ ನಿಲ್ಲುವಂತೆ ಮಾಡುತ್ತದೆ. ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಆ ಭಯವೇ ಚಿಕಿತ್ಸೆ.

"ಶಿವಣ್ಣನಿಗೆ ಹೇಳಿದ್ದೀರಾ?"

"ಏಳುದ್ರೆ ಉಚ್ಚಾಸ್ಪತ್ರೆ ಗಿರಾಕಿ ಅಂತ ಊರೆಲ್ಲ ಸಾರ್ತಾನೆ. ಎಡೆದು ಬ್ಯಾಡ ಅನ್ನಂಗಿಲ್ಲ. ಏನಾರ ಮಾಡಿ, ನಿಮ್ ದಮ್ಮಯ್ಯ."

ಎಡೆಗೆ ಎರಡು ಎಲೆ ಹಾಕುವವರಿದ್ದರು: ಒಂದು ಸುಬೇದಾರರಿಗೆ, ಇನ್ನೊಂದು ಅವರ ತಂದೆಗೆ. ಒಂದು ಗ್ಲಾಸಿನಲ್ಲಿ ನಿಜವಾದ ವಿಸ್ಕಿ ಸವರ್, ಇನ್ನೊಂದರಲ್ಲಿ ವಿಸ್ಕಿಯ ಬದಲು ಆರಿದ ಕಡಕ್ ಟೀ ಡಿಕಾಕ್ಷನ್ ಬೆರೆಸುವುದೆಂದು ನಿರ್ಧರಿಸಿದೆ. ಮದ್ಯ ಬಿಟ್ಟ ಅಧಿಕಾರಿಗಳಿಗೆ ಮೆಸ್‌ನಲ್ಲಿ ಹಾಗೆಯೇ ಮಾಡಿಕೊಡುತ್ತಿದ್ದೆವು. ನೊರೆ ಮುಚ್ಚಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಟೀಯದನ್ನು ತಾತನ ಎಲೆಯ ಮುಂದಿಟ್ಟೆ. ಅದನ್ನು ಮಾದೇಶನಿಗೆ ಕೊಡುವ ಹೊಣೆ ಜಯಮ್ಮನದು.

ಸಂಜೆ ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾದೆವು. ಬಾಗಿಲು ತೆರೆದ ಮೇಲೆ ಶಿವಣ್ಣ ತಂದೆಯ ಗ್ಲಾಸಿನಿಂದ ಅರ್ಧ ಕುಡಿದ. ಜಯಮ್ಮ ತಾತನ ಗ್ಲಾಸನ್ನು ಮಾದೇಶನ ಕೈಗೆ ಕೊಡಲು ಹೋದರು. ಅಷ್ಟರಲ್ಲಿ ಸುಬೇದಾರರ ತಮ್ಮ ನಂಜೇಗೌಡರು ತಡೆದು ಅದಕ್ಕೆ ಕೈ ಚಾಚಿದರು.

"ಅದು ನಮ್ಮಪ್ಪಂದು, ನಂಗ್ ಕೊಡವ್ವ. ನಿಮ್ಮಪ್ಪಂದು ನೀವಿಬ್ರೂ ಕುಡೀರ್ಲಾ."

"ಅವ್ನಿಗೆ ಬ್ಯಾಡ, ಒಟ್ಟೆ ಸರಿ ಇಲ್ಲ," ಎಂದರು ಜಯಮ್ಮ.

"ಅಪ್ಪನ ಎಡೆ ಬ್ಯಾಡ ಅಂದ್ರೆ ಅಪ್ಪನೇ ಬ್ಯಾಡ ಅಂದಂಗೆ ಕಣವ್ವ," ಎಂದರು ನಂಜೇಗೌಡರು.

ಶಿವಣ್ಣ ಗ್ಲಾಸು ಚಾಚಿ ನಕ್ಕ. "ತಗೋಳ್ಲಾ ಸನ್ಯಾಸಿ. ಸುಬೇದಾರನ ಮಗ ಮಜ್ಜಿಗೆ ಕುಡ್ಕೊಂಡ್ ಬದುಕ್ತಾನಾ?"

ನಾನು ನಡುವೆ ಹೋಗಿ ನಿಂತೆ. "ಕೊಡಬೇಡಿ. ಅವರು ಔಷಧಿಯಲ್ಲಿದ್ದಾರೆ. ಇದು ಪ್ರಾಣಕ್ಕೆ ಅಪಾಯ."

"ಯಾವ ಔಸ್ದಿಲಾ?" ಎಂದು ಕೇಳಿದ ಶಿವಣ್ಣ. ನೆಂಟರೆಲ್ಲ ಮಾದೇಶನತ್ತ ತಿರುಗಿದರು.

"ಯಾವ್ದೂ ಇಲ್ಲ," ಎಂದ ಮಾದೇಶ. ನನ್ನ ಪಕ್ಕದಿಂದ ಕೈ ಚಾಚಿ ಶಿವಣ್ಣನ ಗ್ಲಾಸು ಕಿತ್ತುಕೊಂಡು ಒಂದೇ ಏಟಿಗೆ ಬರಿದು ಮಾಡಿದ.

ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅವನ ಕುತ್ತಿಗೆ, ಮುಖ ಕೆಂಡವಾಯಿತು. ವಾಂತಿ ಶುರುವಾಯಿತು. ನಾಡಿ ಹಿಡಿದರೆ ಓಡುತ್ತಿತ್ತು. ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ದಾರಿಯುದ್ದಕ್ಕೂ ಜಯಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮಾತ್ರೆಯ ವಿಷಯವನ್ನು ವೈದ್ಯರಿಗೆ ನಾನೇ ಹೇಳಿದೆ. ಡ್ರಿಪ್ ಹಾಕಿದರು. ಬೆಳಗಾಗುವಾಗ ರಕ್ತದೊತ್ತಡ ಸ್ತಿಮಿತಕ್ಕೆ ಬಂತು. ಮಾದೇಶ ಬದುಕಿದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ವೈದ್ಯರು ಎಲ್ಲವನ್ನೂ ವಿವರಿಸಿದ ಮೇಲೆ ಶಿವಣ್ಣ ಹೊರಗೆ ಬಂದು ನೆಂಟರ ಮುಂದೆ ಹೇಳಿದ: "ಅದೇ ಗ್ಲಾಸು ನಾನೂ ಕುಡುದ್ನಲ್ಲ, ನಂಗೇನಾಯ್ತು? ಆ ಮಾತ್ರೆನೇ ಕಣ್ರೀ ವಿಷ!" ಎಲ್ಲರೂ ಹೌದೆಂದರು. ಕಣ್ಣಿಗೆ ಕಂಡದ್ದು ಅಷ್ಟೇ ತಾನೆ? ಮನೆಗೆ ಹೋದವನೇ ಉಳಿದ ಮಾತ್ರೆಗಳನ್ನು ಒಲೆಗೆ ಹಾಕಿದ.

ನಾನು ಎರಡು ಬಾರಿ ಆ ಮನೆಗೆ ಹೋಗಿ ತಿಳಿಸಿ ಹೇಳಿದೆ. ಎರಡನೆಯ ಸಲ ಜಯಮ್ಮ ಕೈಮುಗಿದರು. "ಬುಟ್ಬುಡಿ ಹವಾಲ್ದಾರ್ರೇ. ದಿನಾ ನನ್ ಕೈಯಾರೆ ಮಗಂಗೆ ವಿಷ ಕೊಟ್ನಲ್ಲ." ಅವರೂ ಅದನ್ನು ನಂಬಿಬಿಟ್ಟಿದ್ದರು.

ಬೇಸಿಗೆಯಲ್ಲಿ ಮಾದೇಶ ಹುಣಸೂರು ಬಸ್ ನಿಲ್ದಾಣದಲ್ಲಿ ಸಿಕ್ಕ. ಹಗಲು ಹನ್ನೊಂದಕ್ಕೇ ಬಾಯಿ ನಾರುತ್ತಿತ್ತು. ನನ್ನನ್ನು ಕಂಡು ಸಂತೋಷದಿಂದ ಹತ್ತಿರ ಬಂದು ಮುಖ ತೋರಿಸಿದ. "ನೋಡ್ರೀ ಹವಾಲ್ದಾರ್ರೇ, ಈಗ ಎಷ್ಟ್ ಕುಡುದ್ರೂ ಕೆಂಪಾಗಲ್ಲ. ಪೂರ್ತಿ ವಾಸಿಯಾಗೋಯ್ತು!"

ಅವನು ಹೆಚ್ಚು ಕಾಲ ಬದುಕಲಿಲ್ಲ.

ಆ ಮಾರ್ಲಮಿಯ ನಂತರ ನಾನು ಯಾರ ಮನೆಗೂ ಬೆರೆಸಲು ಹೋಗಲಿಲ್ಲ. ಅಳತೆ, ಹುಳಿ, ಪಾಕ ಯಾರಾದರೂ ಕಲಿಯಬಹುದು. ನಮ್ಮ ವೃತ್ತಿಯ ಮುಖ್ಯ ಭಾಗ ಕೊಡುವುದಿಲ್ಲ ಎನ್ನುವುದು. ಮೆಸ್‌ನಲ್ಲಿ ಆ ಮಾತಿಗೆ ನಿಯಮದ ಬಲವಿತ್ತು. ನಾನು ಬಾರ್ ಮುಚ್ಚಿದರೆ ಕರ್ನಲ್ ಸಾಹೇಬರೂ ಎದ್ದು ಹೋಗುತ್ತಿದ್ದರು. ಮನೆಯೊಳಗೆ ಆ ಬಲ ಯಾರಿಗೂ ಇಲ್ಲ, ಹೆತ್ತವಳಿಗೂ ಇಲ್ಲ.