ಖಂಡೇನವಮಿಯ ದಿನ ಓಡಿದ ಯಂತ್ರ

ಲೀಲಾಕ್ಷಿಬಾಯಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಮೂಗಿನ ತುದಿಯಲ್ಲಿ ಸಿಟ್ಟಿದ್ದದ್ದು ನನಗೆ. ಅವರಿಗಿದ್ದದ್ದು ಹಟ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಅವರು ವಿಜ್ಞಾನ. ಒಂದೇ ಮೇಜಿಗೆ ವರ್ಷಗಟ್ಟಲೆ ಎದುರುಬದುರು ಕೂತವನ ಮಾತಿದು.

ಧಾರವಾಡದಿಂದ ಮದುವೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಶಿವಾಜಿನಗರದಲ್ಲಿ ಒಂದು ಹಳೆಯ ವಾಡೆಯ ಮಾಳಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ಹಾಲಿನವನೊಂದಿಗೆ ಮರಾಠಿ, ನೆರೆಯವರೊಂದಿಗೆ ಮರಾಠಿ, ಬ್ಯಾಂಕಿನಲ್ಲಿ ಹಿಂದಿ. ಅವರ ಕನ್ನಡ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಶುರುವಾಗಿ ಸಂಜೆ ಅಲ್ಲೇ ಮುಗಿಯುತ್ತಿತ್ತು. ರವಿವಾರ ಬಂತೆಂದರೆ ಅವರಿಗೆ ಬೇಜಾರು. ‘ಇಡೀ ದಿನ ಬಾಯಿ ಮುಚ್ಕೊಂಡ ಕೂಡಬೇಕ್ರಿ ಮಾಸ್ತರ’ ಎನ್ನುತ್ತಿದ್ದರು. ಸಾತಾರೆಯವಳನ್ನು ಕಟ್ಟಿಕೊಂಡ ನನ್ನ ಕನ್ನಡವೋ, ಆಗಲೇ ಅರ್ಧಕ್ಕರ್ಧ ಕಲಬೆರಕೆ. ನನ್ನೊಡನೆ ಆಡಿದ ಮಾತು ಅವರಿಗೆ ಊಟವಾಗುತ್ತಿರಲಿಲ್ಲ, ಬರೀ ಚಹಾ.

ಎರಡು ಸಾವಿರದ ಮೂರರಲ್ಲಿ ಏಳನೆಯ ತರಗತಿಗೆ ಉಳಿದದ್ದು ಐದು ಮಕ್ಕಳು. ಕನ್ನಡ ತರಗತಿಗಳನ್ನು ಮುಚ್ಚಿ ಮೇಲಿನ ಮಹಡಿಯ ಮರಾಠಿ ವಿಭಾಗಕ್ಕೆ ಸೇರಿಸಬೇಕೆಂದು ಆಡಳಿತ ಮಂಡಳಿಯಲ್ಲಿ ಮಾತು ನಡೆದಿತ್ತು. ಲೀಲಾಕ್ಷಿಬಾಯಿಯವರ ನೌಕರಿಗೆ ಧಕ್ಕೆಯೇನಿರಲಿಲ್ಲ. ಮೇಲೆ ಹೋದರೂ ಅದೇ ಪಾಠ, ಅದೇ ಸಂಬಳ. ಆದರೆ ಕನ್ನಡ ತರಗತಿಗಳು ಹೋದರೆ ಅವರಿಗೆ ಈ ಊರಿನಲ್ಲಿ ಕನ್ನಡದಲ್ಲಿ ಬೈಯಲು, ನಗಲು ಯಾರೂ ಇರುತ್ತಿರಲಿಲ್ಲ.

ಆ ವರ್ಷ ಸರಳ ಯಂತ್ರಗಳ ಪಾಠವನ್ನು ಪುಸ್ತಕದಿಂದ ಮಾಡಲಿಲ್ಲ. ಮಕ್ಕಳ ಕೈಯಿಂದಲೇ ಒಂದು ಯಂತ್ರ ಕಟ್ಟಿಸಿದರು. ಒಬ್ಬೊಬ್ಬರದು ಒಂದೊಂದು ಭಾಗ. ಇಳಿಜಾರು ಹಲಗೆಯ ಮೇಲಿಂದ ಉಕ್ಕಿನ ಗುಂಡು ಉರುಳಿ ಸನ್ನೆಕೋಲಿನ ಒಂದು ತುದಿಗೆ ಬೀಳಬೇಕು. ಇನ್ನೊಂದು ತುದಿ ಎದ್ದು ಉಸುಕಿನ ಚೀಲವನ್ನು ಸ್ಟೂಲಿನಿಂದ ಕೆಡವಬೇಕು. ಚೀಲದ ಹಗ್ಗ ರಾಟೆಯ ಮೇಲೆ ಹಾದು ಗಾಲಿ ತಿರುಗಿಸಬೇಕು. ಗಾಲಿ ಬೆಣೆಯನ್ನು ಕಿತ್ತರೆ ಸುತ್ತಿಗೆ ಬಿದ್ದು ಗಂಟೆ ಬಾರಿಸಬೇಕು. ತಿಂಗಳುಗಟ್ಟಲೆ ಅದು ಎಲ್ಲೋ ಒಂದು ಕಡೆ ನಿಲ್ಲುತ್ತಿತ್ತು. ‘ಶಕ್ತಿ ಎಲ್ಲೂ ಹೋಗಂಗಿಲ್ಲ, ಕೈಯಿಂದ ಕೈಗೆ ದಾಟ್ತದ ಅಷ್ಟ. ಎಲ್ಲಿ ತಿಕ್ಕತದ ನೋಡ್ರಿ, ಅಲ್ಲೆ ತಿನ್ನಾಕತ್ತದ’ ಎಂದು ಅವರು ನೆಲದ ಮೇಲೆ ಮಕ್ಕಳ ಜೊತೆ ಅಂಗಾತ ಮಲಗಿ ಹುಡುಕುತ್ತಿದ್ದರು. ಆಗ ಅವರನ್ನು ನೋಡಬೇಕಿತ್ತು, ಸೀರೆಯ ತುಂಬ ಉಸುಕು, ಮುಖದ ತುಂಬ ನಗು.

ಕೊನೆಗೊಮ್ಮೆ ಗಂಟೆ ಬಾರಿಸಿತು. ಮಂಡಳಿಯ ಕಾರ್ಯದರ್ಶಿ ಮಾರ್ತಾಂಡರಾಯರು ಒಳ್ಳೆಯವರೇ. ‘ಪಾಲಕರನ್ನ ಕರೀರಿ, ನಾನೂ ಬರ್ತೀನಿ. ಜನಕ್ಕ ಈ ಸಾಲಿ ಬೇಕಾಗೇದ ಅಂತ ಕಂಡ್ರ ಮುಂದುವರಿಸೋಣು’ ಎಂದರು. ಪಾಲಕರೆಲ್ಲ ಕಾರ್ಖಾನೆಗಳಲ್ಲಿ ದುಡಿಯುವವರು. ಅವರಿಗೆ ಬಿಡುವು ಖಂಡೇನವಮಿಯ, ಆಯುಧಪೂಜೆಯ ದಿನ. ಲೀಲಾಕ್ಷಿಬಾಯಿ ಅದೇ ದಿನ ಗೊತ್ತುಮಾಡಿದರು.

ಯಾರೂ ತಪ್ಪಿಸಲಿಲ್ಲ. ಆ ಐವರಲ್ಲೊಬ್ಬಳಾದ ರೇಣುವಿನ ಅಪ್ಪ ಮುರುಗೆಪ್ಪ ಚಾಕಣದಲ್ಲಿ ಲೇಥ್ ನಡೆಸುವವನು. ಆ ಉಕ್ಕಿನ ಗುಂಡು ಅವನದೇ ಕೊಡುಗೆ. ಅವನ ಹೆಂಡತಿ ಕಲ್ಲವ್ವ ತಾಟಿನಲ್ಲಿ ಅರಿಷಿಣ, ಕುಂಕುಮ, ಚೆಂಡುಹೂ, ಕಾಯಿ ಹಿಡಿದು ಬಂದಳು. ಉಳಿದ ತಾಯಂದಿರೂ ಹಾಗೆಯೇ. ನೋಡನೋಡುತ್ತ ಹಲಗೆಗೆ ವಿಭೂತಿ, ಗಾಲಿಗೆ ಮಾಲೆ, ಗಂಟೆಗೆ ಕುಂಕುಮ. ಕಾಯಿ ಒಡೆದು ಆರತಿಯಾಯಿತು. ಲೀಲಾಕ್ಷಿಬಾಯಿಯವರೂ ಸಂತೋಷದಿಂದ ಕೈ ಮುಗಿದರು.

‘ಹೂಂ, ಇನ್ನ ಓಡಸ್ರಿ’ ಎಂದರು ಮಾರ್ತಾಂಡರಾಯರು.

‘ಇವತ್ತ ಹೆಂಗ್ರಿ?’ ಕಲ್ಲವ್ವ ಅಡ್ಡ ನಿಂತಳು. ‘ಪೂಜಿ ಆದ ಹತಾರ ಇವತ್ತ ಮುಟ್ಟಬಾರದ್ರಿ. ನಾಡದು ಓಡಸ್ರಿ, ನಾವೆಲ್ಲಾ ರಜಾ ಹಾಕಿ ಬರ್ತೀವಿ.’

ನಮ್ಮ ಕಡೆ ಆ ದಿನ ಈಳಿಗೆಮಣೆಗೂ ವಿಶ್ರಾಂತಿ, ಲೀಲಾಕ್ಷಿಬಾಯಿಗೆ ಗೊತ್ತಿರದ ಮಾತಲ್ಲ. ಆದರೆ ಹಲಗೆ, ಹಗ್ಗ, ಉಸುಕಿನ ಆಟಿಕೆಯನ್ನು ಯಾರು ಹತಾರ, ಆಯುಧ ಎಂದು ಬಗೆಯುತ್ತಾರೆ ಎಂದೇ ಆ ದಿನ ಗೊತ್ತುಮಾಡಿದ್ದರು. ಮಕ್ಕಳು ಮನೆಯಲ್ಲಿ ‘ನಮ್ಮ ಯಂತ್ರ’ ಎಂದೇ ಹೇಳಿದ್ದವು. ಹಾಗೆ ಹೇಳಲು ಕಲಿಸಿದವರು ಇವರೇ.

ಮಾರ್ತಾಂಡರಾಯರು ಗಡಿಯಾರ ನೋಡಿದರು. ರಾತ್ರಿಯ ಗಾಡಿಗೆ ಅವರು ಹುಬ್ಬಳ್ಳಿಗೆ ಹೋಗುವವರು. ಮರಳುವುದು ನೇರವಾಗಿ ಮಂಡಳಿಯ ಸಭೆಗೇ, ನಾಡದು ನೋಡಲು ಸಿಗುವವರಲ್ಲ. ಅತ್ತ ದರಿ, ಇತ್ತ ಪುಲಿ. ಲೀಲಾಕ್ಷಿಬಾಯಿ ಒಂದು ಕ್ಷಣ ಮಕ್ಕಳ ಮುಖ ನೋಡಿದರು. ಆಮೇಲೆ ಗಾಲಿಯ ಮಾಲೆಯನ್ನು ತಾವೇ ತೆಗೆದು ಪಕ್ಕಕ್ಕಿಟ್ಟು ಗುಂಡು ಬಿಟ್ಟರು.

ಎಲ್ಲವೂ ಸರಿಯಾಗಿ ನಡೆಯಿತು. ಗಂಟೆ ಬಾರಿಸಿತು. ಚಪ್ಪಾಳೆ ತಟ್ಟಿದ್ದು ಮಾರ್ತಾಂಡರಾಯರೊಬ್ಬರೇ. ಕಲ್ಲವ್ವ ತಾಟು ಎತ್ತಿಕೊಂಡು ಮಗಳ ಕೈ ಹಿಡಿದು ನಡೆದಳು. ಪ್ರಸಾದದ ಕಾಯಿ ಮೇಜಿನ ಮೇಲೇ ಉಳಿಯಿತು.

ಮಂಡಳಿ ಒಪ್ಪಿತು, ಕನ್ನಡ ತರಗತಿಗಳು ಮುಂದುವರಿಯಲಿ ಎಂದಿತು. ಆದರೆ ದೀಪಾವಳಿ ರಜೆ ಮುಗಿದಾಗ ರೇಣು ಬರಲಿಲ್ಲ. ಹಿಂದೆಯೇ ಇನ್ನಿಬ್ಬರು ಬಿಟ್ಟರು. ಲೀಲಾಕ್ಷಿಬಾಯಿ ನನ್ನನ್ನು ಕರೆದುಕೊಂಡು ಕಲ್ಲವ್ವನ ಮನೆಗೆ ಹೋದರು. ಕಲ್ಲವ್ವ ಚಾಪೆ ಹಾಸಿದಳು, ಚಹಾ ಕೊಟ್ಟಳು.

‘ನನ್ನ ಮ್ಯಾಲ ಸಿಟ್ಟೇನವಾ?’ ಎಂದು ಇವರು ಕೇಳಿದರು.

‘ಸಿಟ್ಟಲ್ರಿ ಅಕ್ಕೋರ. ಮರಾಠಿ ಸಾಲಿ ಮನಿ ಎದುರಿಗೇ ಅದ. ಆದ್ರೂ ಬಸ್ ಹತ್ತಿಸಿ ನಿಮ್ಮ ಕಡೆ ಯಾಕ ಕಳಸ್ತಿದ್ವಿ? ನಮ್ಮವರದಾರ, ನಮ್ಮ ರೀತಿ ರಿವಾಜ ತಿಳದವರು ಅಂತ. ನೀವೂ ತಿಳೀದವರಂಗ ಮಾಡಿದ ಮ್ಯಾಲ, ಎದುರಿನ ಸಾಲೀನ ಚಲೋ ಅಲ್ರಿ?’

ಅವಳ ದನಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಇವರೂ ತಿರುಗಿ ಬೈದು ಹಗುರಾಗುತ್ತಿದ್ದರು. ರೇಣು ಒಳಗಿಂದ ಇಣುಕಿ ನೋಡಿ ಮರೆಯಾದಳು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ‘ನೀವು ಯಾರ ಸಲುವಾಗಿ ಗುಂಡು ಬಿಟ್ರಿ ಅಂತ ಆಕೀಗೆ ಹೇಳಬೇಕಿತ್ತರಿ ಬಾಯಾರ’ ಎಂದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಅತ್ತ ನೋಡುತ್ತಲೇ, ‘ಜಾವೂ ದ್ಯಾ, ಸರ್’ ಎಂದರು. ಹೋಗಲಿ ಬಿಡಿ ಎಂದು, ನನಗೆ, ಮರಾಠಿಯಲ್ಲಿ. ಅಂದಿನಿಂದ ನಿವೃತ್ತರಾಗುವವರೆಗೂ ಅವರು ನನ್ನೊಡನೆ ಮರಾಠಿ ಬಿಟ್ಟು ಬೇರೆ ಭಾಷೆ ಆಡಲಿಲ್ಲ.